ಔಷಧಕ್ಕೂ ಒಂದು ವಿಳಾಸ ಬೇಕು

ನಾನು ಹೊಸದಾಗಿ ವೈದ್ಯನಾಗಿದ್ದಾಗ ಕ್ಯಾನ್ಸರ್ ವಾರ್ಡಿನಲ್ಲಿ ಡಾಕ್ಸೊರುಬಿಸಿನ್ ಎಂಬ ಕೆಂಪು ಬಣ್ಣದ ಔಷಧ ಕೊಡುತ್ತಿದ್ದೆವು. ಗಡ್ಡೆ ಕರಗುತ್ತಿತ್ತು, ಜೊತೆಗೆ ಹೃದಯದ ಸ್ನಾಯುವೂ ದುರ್ಬಲವಾಗುತ್ತಿತ್ತು. ಚೇತರಿಸಿಕೊಳ್ಳುತ್ತಿದ್ದ ರೋಗಿಗೆ 'ಇನ್ನು ಈ ಔಷಧ ಕೊಡಲಾಗದು' ಎಂದು ಹೇಳಬೇಕಾಗಿ ಬಂದ ದಿನಗಳನ್ನು ನಾನು ಮರೆತಿಲ್ಲ. ಔಷಧ ಸಮರ್ಥವಾಗಿಯೇ ಇತ್ತು. ಅದಕ್ಕೆ ವಿಳಾಸ ಗೊತ್ತಿರಲಿಲ್ಲ.

ಮೊದಲ ಪರಿಹಾರ ಬಂದದ್ದು 1995ರಲ್ಲಿ. ಅದೇ ಔಷಧವನ್ನು ಕೊಬ್ಬಿನ ಸೂಕ್ಷ್ಮ ಚೀಲದಲ್ಲಿ ತುಂಬಿದ 'ಡಾಕ್ಸಿಲ್'ಗೆ ಅಮೆರಿಕ ಅನುಮತಿ ನೀಡಿತು. ಈ ಚೀಲದ ಗಾತ್ರ ಸುಮಾರು 100 ನ್ಯಾನೊಮೀಟರ್. ನಮ್ಮ ತಲೆಗೂದಲಿನ ದಪ್ಪ ಸುಮಾರು 80,000 ನ್ಯಾನೊಮೀಟರ್ ಎಂದರೆ ಅದು ಎಷ್ಟು ಚಿಕ್ಕದೆಂದು ಊಹಿಸಬಹುದು. ಹೃದಯಕ್ಕೆ ಆಗುವ ಹಾನಿ ಕಡಿಮೆಯಾಯಿತು.

ಆರ್‌ಎನ್‌ಎ ಔಷಧಗಳಿಗೆ ಇನ್ನೂ ಜಾಣ ಲಕೋಟೆ ಬೇಕಿತ್ತು. ಬರಿಯ ಆರ್‌ಎನ್‌ಎ ರಕ್ತದಲ್ಲಿ ಬೇಗನೆ ಒಡೆದುಹೋಗುತ್ತದೆ. ಆದ್ದರಿಂದ ವಿಜ್ಞಾನಿಗಳು ವಿಶೇಷ ಲಿಪಿಡ್‌ಗಳನ್ನು ರೂಪಿಸಿದರು. ಇವುಗಳ ಮೇಲೆ ರಕ್ತದಲ್ಲಿ ವಿದ್ಯುದಂಶವಿರುವುದಿಲ್ಲ. ಜೀವಕೋಶದೊಳಗಿನ ಆಮ್ಲೀಯ ಕೋಶಿಕೆಯನ್ನು ಸೇರಿದೊಡನೆ ಧನ ವಿದ್ಯುದಂಶ ಪಡೆದು, ಅದರ ಪೊರೆ ಒಡೆದು, ಒಳಗಿನ ಆರ್‌ಎನ್‌ಎಯನ್ನು ಹೊರಬಿಡುತ್ತವೆ. 2018ರಲ್ಲಿ ಅನುಮತಿ ಪಡೆದ ಪ್ಯಾಟಿಸಿರಾನ್ ಎಂಬ ಔಷಧವೂ, 2020ರ ಕೊನೆಯಲ್ಲಿ ಬಂದ ಫೈಜರ್ ಮತ್ತು ಮಾಡರ್ನಾ ಕೋವಿಡ್ ಲಸಿಕೆಗಳೂ ಇಂಥ ಲಕೋಟೆಯಲ್ಲೇ ಬಂದವು.

2025ರಲ್ಲಿ ಫಿಲಡೆಲ್ಫಿಯಾದಲ್ಲಿ ನಡೆದ ಚಿಕಿತ್ಸೆ ನನ್ನನ್ನು ಬೆರಗುಗೊಳಿಸಿತು. ಸಿಪಿಎಸ್1 ಎಂಬ ಕಿಣ್ವದ ಕೊರತೆಯಿಂದ ಒಂದು ಮಗುವಿನ ರಕ್ತದಲ್ಲಿ ಅಮೋನಿಯಾ ಏರುತ್ತಿತ್ತು. ಇದು ಮಿದುಳಿಗೆ ವಿಷ. ಆ ಮಗುವಿನ ಜೀನಿನಲ್ಲಿದ್ದ ದೋಷಕ್ಕೆಂದೇ ತಿದ್ದುಪಡಿಯೊಂದನ್ನು ತಯಾರಿಸಿ, ನ್ಯಾನೊಕಣಗಳಲ್ಲಿ ತುಂಬಿ, ರಕ್ತನಾಳದ ಮೂಲಕ ಕೊಟ್ಟರು. ಮಗು ಮೊದಲಿಗಿಂತ ಹೆಚ್ಚು ಪ್ರೋಟೀನ್ ಜೀರ್ಣಿಸಿಕೊಳ್ಳುವಂತಾಯಿತು.

ಇದು ಸಾಧ್ಯವಾದದ್ದಕ್ಕೆ ಒಂದು ಕಾರಣ, ಆ ದೋಷ ಯಕೃತ್ತಿನಲ್ಲಿತ್ತು. ಈ ಕಣಗಳು ರಕ್ತದಲ್ಲಿ ಕೊಲೆಸ್ಟರಾಲ್ ಸಾಗಿಸುವ ಪ್ರೋಟೀನನ್ನು ಮೈಗೆ ಅಂಟಿಸಿಕೊಂಡು ತಾವಾಗಿಯೇ ಯಕೃತ್ತಿಗೆ ಹೋಗುತ್ತವೆ. ಮಿದುಳು, ಸ್ನಾಯುಗಳಿಗೆ ಕಳುಹಿಸುವುದು ಇನ್ನೂ ಕಷ್ಟ. ಇಂದಿನ ಸಂಶೋಧನೆಯ ದೊಡ್ಡ ಸವಾಲು ಅದೇ.

ಕೊನೆಗೆ ನಮ್ಮವರಿಗೊಂದು ಮಾತು. ಆ ಮಗುವಿನಂಥ ಕಾಯಿಲೆಗಳು ತಂದೆ, ತಾಯಿ ಇಬ್ಬರಿಂದಲೂ ದೋಷವುಳ್ಳ ಜೀನ್ ಬಂದಾಗ ಕಾಣಿಸಿಕೊಳ್ಳುತ್ತವೆ. ಸೋದರಮಾವ, ಅತ್ತೆಯ ಮಗ ಎಂದು ಸಂಬಂಧದಲ್ಲೇ ಮದುವೆಯಾಗುವ ರೂಢಿಯಿರುವ ನಮ್ಮಲ್ಲಿ ಈ ಸಾಧ್ಯತೆ ಹೆಚ್ಚು. ಕುಟುಂಬದಲ್ಲಿ ಹಸುಗೂಸೊಂದು ಕಾರಣ ತಿಳಿಯದೆ ತೀರಿಕೊಂಡಿದ್ದರೆ ಹಣೆಬರಹವೆಂದು ಸುಮ್ಮನಾಗಬೇಡಿ. ಮುಂದಿನ ಮಗುವಿಗೆ ಮೊದಲೇ ತಳಿವಿಜ್ಞಾನ ತಜ್ಞರನ್ನು ಕಾಣಿರಿ. ರೋಗದ ಹೆಸರು ಗೊತ್ತಾದರೆ ಮಾತ್ರ ಔಷಧಕ್ಕೆ ವಿಳಾಸ ಬರೆಯಲು ಸಾಧ್ಯ.