ವ್ಯವಹಾರ ಪ್ರವಾಸ: ಸೊಲ್ಲಾಪುರದಲ್ಲಿ ಒಂದು ರಾತ್ರಿ

ವರ್ಷಾಂತ್ಯದ ದಾಸ್ತಾನು ಪರಿಶೀಲನೆಗೆ ಯಾರು ಯಾವ ಊರಿಗೆ ಹೋಗಬೇಕೆಂಬ ಪಟ್ಟಿಯನ್ನು ನಮ್ಮ ಹುಬ್ಬಳ್ಳಿ ಕಚೇರಿಯ ಗೋಡೆಗೆ ಅಂಟಿಸಿದ ದಿನ, ಆರ್ಟಿಕಲ್ ವಿದ್ಯಾರ್ಥಿಗಳು ಮೊದಲು ನೋಡುವುದು ಗೋವೆಯ ಎದುರಿಗೆ ಯಾರ ಹೆಸರಿದೆ ಎಂಬುದನ್ನು. ನಂತರ ನೋಡುವುದು ಸೊಲ್ಲಾಪುರದ ಎದುರಿಗೆ ತಮ್ಮ ಹೆಸರಿಲ್ಲವಷ್ಟೆ ಎಂಬುದನ್ನು. ಹೆಸರಿದ್ದವನು ಸಂಜೆಯೊಳಗೆ ಜ್ವರವನ್ನೋ ಅಕ್ಕನ ನಿಶ್ಚಿತಾರ್ಥವನ್ನೋ ಹೊತ್ತು ನನ್ನ ಕೋಣೆಗೆ ಬರುತ್ತಾನೆ. ಅವರನ್ನು ದೂರುವುದಕ್ಕೆ ನನಗೆ ಅಧಿಕಾರವಿಲ್ಲ. ನಾನೂ ಬಹಳ ವರ್ಷ ಹಾಗೆಯೇ ಇದ್ದೆ.

ನಮ್ಮ ಭಾಗದ ಬಟ್ಟೆ ವ್ಯಾಪಾರಸ್ಥರಿಗೆ ಸೊಲ್ಲಾಪುರ ಬಿಟ್ಟರೆ ವಹಿವಾಟು ನಡೆಯದು. ಚಾದರ, ಟವೆಲ್, ಶಾಲಾ ಸಮವಸ್ತ್ರ ಎಲ್ಲಕ್ಕೂ ಅದೇ ಪೇಟೆ. ಆದರೂ ಆ ಊರನ್ನು ಇಷ್ಟಪಟ್ಟು ಹೋದವರನ್ನು ನಾನು ಕಂಡಿರಲಿಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು, ಧೂಳು, ನೀರಿನ ತಾಪತ್ರಯ, ನಿಲ್ದಾಣದಿಂದ ಹೊರಬಿದ್ದೊಡನೆ ಮುತ್ತುವ ಆಟೋಗಳು. ಯಾತ್ರಿಕರಿಗಂತೂ ಅದು ಗಾಡಿ ಬದಲಾಯಿಸುವ ಊರು. ಪಂಢರಪುರಕ್ಕೆ, ತುಳಜಾಪುರಕ್ಕೆ, ಅಕ್ಕಲಕೋಟೆಗೆ ಹೋಗುವವರೆಲ್ಲ ಸೊಲ್ಲಾಪುರದಲ್ಲಿ ಇಳಿಯುತ್ತಾರೆ, ಚಹಾ ಕುಡಿಯುತ್ತಾರೆ, ಮುಂದೆ ಸಾಗುತ್ತಾರೆ. ಗದಗ–ಸೊಲ್ಲಾಪುರ ಮಾರ್ಗ ಇನ್ನೂ ಮೀಟರ್‌ಗೇಜ್ ಆಗಿದ್ದ ಕಾಲದಿಂದ ನಾನು ಅಲ್ಲಿಗೆ ಹೋಗಿಬರುತ್ತಿದ್ದೇನೆ. ಬೆಳಿಗ್ಗೆ ಇಳಿಯುವುದು, ಕೆಲಸ ಮುಗಿಸುವುದು, ಮಧ್ಯಾಹ್ನವೇ ವಿಜಯಪುರದ ಬಸ್ಸು ಹಿಡಿಯುವುದು. ಇಷ್ಟೇ ನನ್ನ ಸೊಲ್ಲಾಪುರವಾಗಿತ್ತು. ಅಲ್ಲಿಂದ ವಿಜಯಪುರಕ್ಕೆ ಸುಮಾರು 100 ಕಿ.ಮೀ. ಅಷ್ಟು ಹತ್ತಿರವಿರುವಾಗ ಅಲ್ಲೇಕೆ ರಾತ್ರಿ ಕಳೆಯಬೇಕು ಎಂಬುದು ನನ್ನ ಲೆಕ್ಕ.

ಈ ಲೆಕ್ಕ ತಪ್ಪಿದ್ದು 2011ರಲ್ಲಿ. ಪ್ರಸಂಗವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಸಹಿ ನನ್ನದಾಗಿತ್ತು.

ನನ್ನ ಕಕ್ಷಿದಾರರೊಬ್ಬರು ನೂಲು ಖರೀದಿಸಿ ಸೊಲ್ಲಾಪುರದ ಒಬ್ಬ ಮಗ್ಗದ ಮಾಲೀಕರಿಗೆ ಕಳುಹಿಸಿ, ಕೂಲಿ ಕೊಟ್ಟು ಟವೆಲ್ ನೇಯಿಸಿಕೊಳ್ಳುತ್ತಿದ್ದರು. ಆ ವರ್ಷ ಮಾರ್ಚ್ ಕೊನೆಗೆ ಹದಿನೆಂಟು ಲಕ್ಷ ರೂಪಾಯಿಯ ನೂಲು ಆ ಮಾಲೀಕರ ಬಳಿ ಇದೆ ಎಂದು ಪುಸ್ತಕ ಹೇಳುತ್ತಿತ್ತು. ಮೂರನೆಯವರ ವಶದಲ್ಲಿರುವ ದಾಸ್ತಾನನ್ನು ದೃಢೀಕರಣ ಪತ್ರದಿಂದಲೋ ಖುದ್ದು ಪರಿಶೀಲನೆಯಿಂದಲೋ ಖಚಿತಪಡಿಸಿಕೊಳ್ಳಬೇಕೆಂದು ನಮ್ಮ ಲೆಕ್ಕಪರಿಶೋಧನಾ ಮಾನದಂಡ 501 ವಿಧಿಸುತ್ತದೆ. ನಾನು ಎರಡನ್ನೂ ಮಾಡಿದೆ. ಬೆಳಿಗ್ಗೆ ಹತ್ತಕ್ಕೆ ಅವರ ಕಚೇರಿ ಸೇರಿದೆ. ಗೋದಾಮಿನಲ್ಲಿ ಬೇಲುಗಳನ್ನು ತೋರಿಸಿದರು, ಎಣಿಸಿದೆ, ಸರಿಹೋಯಿತು. ಮೊಹರು ಹಾಕಿದ ಪತ್ರ ಕೊಟ್ಟರು. ಎಫ್ ಫಾರಂಗಳು ಕ್ರಮವಾಗಿದ್ದವು. ಊಟ ಮಾಡಿಸಿದರು. ಮೂರು ಗಂಟೆಯ ಬಸ್ಸಿನಲ್ಲಿ ನಾನು ವಿಜಯಪುರದ ಹಾದಿಯಲ್ಲಿದ್ದೆ.

ಅಕ್ಟೋಬರ್‌ನಲ್ಲಿ ಆ ಘಟಕಕ್ಕೆ ಬೀಗ ಬಿತ್ತು. ನಾವು ಎಣಿಸಿದ ಬೇಲುಗಳು ಬೇರೆಯವರವು. ನಮ್ಮ ನೂಲು ಡಿಸೆಂಬರ್ ತಿಂಗಳಿನಿಂದಲೇ ಸ್ವಲ್ಪಸ್ವಲ್ಪವಾಗಿ ಮಾರಿಹೋಗಿತ್ತು. ವಸೂಲಿಯ ಮಾತಿಗೆಂದು ನವೆಂಬರಿನಲ್ಲಿ ಕಕ್ಷಿದಾರರೊಡನೆ ನಾನೂ ಹೊರಟೆ. ಮಾಲೀಕರು ನಾಳೆ ಬರುತ್ತಾರೆ, ನಾಡಿದ್ದು ಬರುತ್ತಾರೆ ಎನ್ನುತ್ತ ಮೂರು ರಾತ್ರಿ ಅಲ್ಲಿಯೇ ಉಳಿಯಬೇಕಾಯಿತು. ಎರಡನೆಯ ಸಂಜೆ ಆ ಬೀಗ ಹಾಕಿದ ಗೇಟಿನ ಎದುರಿನ ಚಹಾದಂಗಡಿಯಲ್ಲಿ ಕುಳಿತಿದ್ದೆವು. ನಾವು ಕನ್ನಡದಲ್ಲಿ ಮಾತನಾಡುವುದನ್ನು ಕೇಳಿ ಅಂಗಡಿಯಾತ ಕನ್ನಡದಲ್ಲಿಯೇ ಹೇಳಿದ: "ಸಾಹೇಬ್ರ, ಸಂಕ್ರಾಂತಿಗೇ ಇಲ್ಲಿ ರಾತ್ರಿಪಾಳಿ ನಿಂತಿತ್ತು. ಶಿವರಾತ್ರಿ ಹೊತ್ತಿಗೆ ವಾರಕ್ಕ ಎರಡ ದಿನ ಮಗ್ಗ ನಡೀತಿದ್ವು. ಓಣಿಗೆಲ್ಲಾ ಗೊತ್ತಿತ್ತಲ್ರಿ."

ಓಣಿಗೆಲ್ಲ ಗೊತ್ತಿದ್ದುದು ನನಗೆ ಗೊತ್ತಿರಲಿಲ್ಲ. ವಿದ್ಯುತ್ ಮಗ್ಗಗಳು ನಡೆಯುವ ಓಣಿಯಲ್ಲಿ ರಾತ್ರಿ ಒಂಬತ್ತಕ್ಕೆ ಸುಮ್ಮನೆ ನಡೆದು ಹೋದರೆ ಸಾಕು, ಯಾವ ಮನೆಯಲ್ಲಿ ಕೆಲಸವಿದೆ, ಯಾವುದರಲ್ಲಿಲ್ಲ ಎಂಬುದನ್ನು ಕಿವಿಯೇ ಹೇಳುತ್ತದೆ. ಮಾರ್ಚ್ ತಿಂಗಳಲ್ಲಿ ನಾನು ಒಂದು ರಾತ್ರಿ ಅಲ್ಲಿ ಉಳಿದಿದ್ದರೆ ಆ ಮೌನವನ್ನು ಕೇಳಿಸಿಕೊಳ್ಳುತ್ತಿದ್ದೆ. ಕಕ್ಷಿದಾರರು ಇಂದಿಗೂ ಈ ಮಾತನ್ನು ಎತ್ತಿ ಆಡಿಲ್ಲ. ಹದಿನೆಂಟು ಲಕ್ಷದಲ್ಲಿ ಅವರಿಗೆ ಮರಳಿ ಬಂದದ್ದು ಎರಡು ಲಕ್ಷಕ್ಕೂ ಕಡಿಮೆ. ಮಗಳ ಮದುವೆಯನ್ನು ಅವರು ಒಂದು ವರ್ಷ ಮುಂದೂಡಿದರು.

ಅಂದಿನಿಂದ ನಮ್ಮ ಕಚೇರಿಯಲ್ಲಿ ಒಂದು ನಿಯಮವಿದೆ. ಸೊಲ್ಲಾಪುರಕ್ಕೆ ಹೋದವರು ಒಂದು ರಾತ್ರಿಯಾದರೂ ಉಳಿಯಲೇಬೇಕು. ವ್ಯಾಪಾರಸ್ಥ ಬಾಂಧವರಿಗೂ ನಾನು ಹೇಳುವುದು ಅದನ್ನೇ. ಹಗಲಿನಲ್ಲಿ ಪಕ್ಷಗಾರರು ತೋರಿಸಿದ್ದನ್ನು ನೋಡುತ್ತೀರಿ. ತೋರಿಸದೆ ಇರುವುದು ಕಾಣುವುದು ಸಂಜೆಯ ನಂತರವೇ. ನೂಲಿನ ದಲಾಲರು, ಸಾಗಾಣಿಕೆ ಕಚೇರಿಯ ಗುಮಾಸ್ತರು, ಹಮಾಲರು ಇವರಲ್ಲಿ ಯಾರೊಬ್ಬರ ಜೊತೆಗಾದರೂ ಅರ್ಧ ಗಂಟೆ ಕುಳಿತುಕೊಳ್ಳಿರಿ. ಸಾಲ ಬಾಕಿ ಎಷ್ಟೆಂದು ನೇರವಾಗಿ ಕೇಳಿದರೆ ಯಾರೂ ಹೇಳುವುದಿಲ್ಲ. ಕಳೆದ ತಿಂಗಳು ಇವರ ಮಾಲು ಎಷ್ಟು ಲಾರಿ ಹೋಯಿತೆಂದು ಕೇಳಿದರೆ ಹೇಳುತ್ತಾರೆ. ಸಾಧ್ಯವಾದರೆ ವಿದ್ಯುತ್ ಬಿಲ್ಲನ್ನು ನೋಡಿರಿ. ಬ್ಯಾಲೆನ್ಸ್ ಶೀಟಿಗಿಂತ ಅದು ಪ್ರಾಮಾಣಿಕ ಎಂದರೆ ನನ್ನ ಸಹೋದ್ಯೋಗಿಗಳು ಮುನಿಸಿಕೊಳ್ಳಬಾರದು.

ಭಾಷೆಯ ಅಳುಕಂತೂ ಬೇಕಿಲ್ಲ. ಮರಾಠಿ ಆಡಳಿತ ಭಾಷೆಯಾದರೂ ಕನ್ನಡ, ತೆಲುಗು, ಉರ್ದು ಅಲ್ಲಿನ ಬೀದಿಯ ಭಾಷೆಗಳು. ತೆಲಂಗಾಣದ ಕಡೆಯಿಂದ ವಲಸೆ ಬಂದ ಪದ್ಮಶಾಲಿ ನೇಕಾರರ ದುಡಿಮೆಯಿಂದಲೇ ಸೊಲ್ಲಾಪುರದ ಚಾದರಕ್ಕೆ ಹೆಸರು ಬಂದಿತು. ಜಕಾರ್ಡ್ ಮಗ್ಗದಲ್ಲಿ ನೇಯುವ ಆ ಚಾದರಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯಿದೆ. ಹೊರಗಿನಿಂದ ಬಂದ ಅಗ್ಗದ ಚಾದರಕ್ಕೆ ಅದೇ ಹೆಸರಿನ ಚೀಟಿ ಅಂಟಿಸಿ ಮಾರುವವರೂ ಇರುವುದರಿಂದ, ಮಾಲು ಎಲ್ಲಿ ತಯಾರಾಯಿತೆಂಬುದನ್ನು ಕಣ್ಣಾರೆ ಕಂಡು ಬರುವುದು ಚಿಲ್ಲರೆ ವ್ಯಾಪಾರಸ್ಥರಿಗೂ ಒಳ್ಳೆಯದು.

ಇನ್ನು ನನ್ನ ವೃತ್ತಿಗೆ ಸೇರಿದ ಕೆಲವು ಮಾತುಗಳು. ಹೋಟೆಲಿನ ಬಿಲ್ಲಿಗೆ ನಿಮ್ಮ ಜಿಎಸ್‌ಟಿ ಸಂಖ್ಯೆ ಬರೆಸಿಕೊಂಡು ಬಂದು, ಆ ತೆರಿಗೆಯನ್ನು ಜಮೆ ಹಿಡಿಯಿರೆಂದು ನಮಗೆ ಕೊಡುವವರು ಇಂದಿಗೂ ಇದ್ದಾರೆ. ವಸತಿಯ ಸೇವೆಗೆ ಪೂರೈಕೆಯ ಸ್ಥಳವೆಂದರೆ ಆ ಕಟ್ಟಡವಿರುವ ಸ್ಥಳ. ಆದ್ದರಿಂದ ಸೊಲ್ಲಾಪುರದ ಹೋಟೆಲು ಹಾಕುವುದು ಕೇಂದ್ರದ ಮತ್ತು ಮಹಾರಾಷ್ಟ್ರದ ತೆರಿಗೆಯನ್ನು. ಕರ್ನಾಟಕದಲ್ಲಿ ಮಾತ್ರ ನೋಂದಣಿಯಿರುವವರಿಗೆ ಅದರ ಜಮೆ ಸಿಗದು. ಅದನ್ನು ಖರ್ಚಿನಲ್ಲಿಯೇ ಸೇರಿಸಿ ಮರೆತುಬಿಡಿರಿ. ನಗದಿನ ಖರ್ಚಿನಲ್ಲಿ ಒಬ್ಬರಿಗೆ ಒಂದೇ ದಿನದಲ್ಲಿ 10,000 ರೂಪಾಯಿ ಮೀರಿ ಕೊಟ್ಟರೆ ಆದಾಯ ತೆರಿಗೆಯಲ್ಲಿ ಅದು ಮಾನ್ಯವಾಗುವುದಿಲ್ಲ. ಲಾರಿ ಸಾಗಾಣಿಕೆದಾರರಿಗೆ ಮಾತ್ರ ಈ ಮಿತಿ 35,000.

ಕೂಲಿ ನೇಯ್ಗೆಗೆ ನೂಲು ಕಳುಹಿಸುವವರು ಎರಡು ಸಂಗತಿ ನೆನಪಿಡಬೇಕು. ಬೇರೆ ರಾಜ್ಯದ ಕೂಲಿ ಘಟಕಕ್ಕೆ ಮಾಲು ಹೋಗುವಾಗ ಅದರ ಬೆಲೆ ಎಷ್ಟೇ ಕಡಿಮೆಯಿದ್ದರೂ ಇ-ವೇ ಬಿಲ್ ಬೇಕು. ಮತ್ತು ಕಳುಹಿಸಿದ ನೂಲು ಒಂದು ವರ್ಷದೊಳಗೆ ಟವೆಲಾಗಿಯೋ ನೂಲಾಗಿಯೋ ಮರಳಿ ಬಾರದಿದ್ದರೆ, ಕಳುಹಿಸಿದ ದಿನವೇ ಮಾರಾಟವಾಯಿತೆಂದು ಪರಿಗಣಿಸಿ ತೆರಿಗೆ, ಬಡ್ಡಿ ಎರಡನ್ನೂ ಕೇಳುತ್ತಾರೆ. ಕಳೆದುಹೋದ ನೂಲಿಗೆ ತೆರಿಗೆ ಕಟ್ಟುವ ಸಂಕಟ ಯಾರಿಗೂ ಬೇಡ.

ಮಗ್ಗದ ಮಾಲೀಕರು ಉದ್ಯಮ್ ನೋಂದಣಿ ಪಡೆದ ಸೂಕ್ಷ್ಮ ಅಥವಾ ಸಣ್ಣ ಘಟಕವೇ ಎಂಬುದನ್ನೂ ಅಲ್ಲಿರುವಾಗಲೇ ಕೇಳಿ, ಪ್ರಮಾಣಪತ್ರದ ಪ್ರತಿ ತನ್ನಿರಿ. 2023–24ನೇ ಆರ್ಥಿಕ ವರ್ಷದಿಂದ ಅಂಥವರ ಬಿಲ್ಲನ್ನು ಲಿಖಿತ ಕರಾರಿದ್ದರೆ ಗರಿಷ್ಠ 45 ದಿನದೊಳಗೆ, ಕರಾರಿಲ್ಲದಿದ್ದರೆ 15 ದಿನದೊಳಗೆ ಪಾವತಿಸದಿದ್ದರೆ, ಪಾವತಿಸಿದ ವರ್ಷದಲ್ಲಿ ಮಾತ್ರ ಆ ಖರ್ಚು ಸಿಗುತ್ತದೆ. ಈ ಕಾಯಿದೆಯಿಂದ ನಮ್ಮ ವ್ಯಾಪಾರಸ್ಥರು ಗೊಣಗಿದ್ದಾರೆ. ಸೊಲ್ಲಾಪುರದಲ್ಲಿ ಆರು ತಿಂಗಳ ಬಾಕಿಯನ್ನು ಹೊತ್ತು ಮಗ್ಗ ನಿಲ್ಲಿಸಿದವರನ್ನು ಕಂಡಮೇಲೆ ನನಗೆ ಗೊಣಗಲು ಮನಸ್ಸಾಗಲಿಲ್ಲ. ನಮಗೆ ಮೋಸ ಮಾಡಿದ ಆ ಮಾಲೀಕರಿಗೂ ನಾಲ್ಕಾರು ಕಡೆಯಿಂದ ಹಣ ಬರಬೇಕಿತ್ತಂತೆ.

ಕೆಲಸದ ಮಾತು ಇಷ್ಟು. ಉಳಿದ ಹೊತ್ತನ್ನು ಏನು ಮಾಡಬೇಕು? ಆ ನವೆಂಬರಿನ ಮೂರು ದಿನಗಳಲ್ಲಿ ಬೇರೆ ದಾರಿಯಿಲ್ಲದೆ ನಾನು ಊರನ್ನು ನೋಡಿದೆ.

ಬೆಳಗಿನ ಆರು ಗಂಟೆಗೆ ಸಿದ್ಧೇಶ್ವರ ಕೆರೆಗೆ ಹೋಗಿರಿ. ನೀರಿನ ನಡುವೆ ದೇವಸ್ಥಾನ, ಪಕ್ಕದಲ್ಲಿಯೇ ಬಹಮನಿ ಕಾಲದ ಭುಯಿಕೋಟ್ ಕೋಟೆ. ಹನ್ನೆರಡನೆಯ ಶತಮಾನದ ಸೊನ್ನಲಿಗೆಯೇ ಇಂದಿನ ಸೊಲ್ಲಾಪುರ. ಕಪಿಲಸಿದ್ಧ ಮಲ್ಲಿಕಾರ್ಜುನನ ಅಂಕಿತದಲ್ಲಿ ವಚನಗಳನ್ನು ಬರೆದ ಸಿದ್ಧರಾಮ ಕೆರೆ ಕಟ್ಟಿಸಿದ ಊರು ಇದು. ರಾಘವಾಂಕನ 'ಸಿದ್ಧರಾಮ ಚಾರಿತ್ರ' ಆತನ ಕಥೆಯನ್ನೇ ಹೇಳುತ್ತದೆ. ಶಾಲೆಯಲ್ಲಿ ಇದನ್ನೆಲ್ಲ ಓದಿದ್ದೆ. ಹದಿನೈದು ವರ್ಷ ಆ ಊರಿಗೆ ಹೋಗಿಬಂದರೂ ಪಠ್ಯಪುಸ್ತಕದ ಸೊನ್ನಲಿಗೆ ಮತ್ತು ಬೇಲು ಎಣಿಸುವ ಸೊಲ್ಲಾಪುರ ಒಂದೇ ಎಂಬುದು ತಲೆಗೆ ಹೊಳೆದಿರಲಿಲ್ಲ.

ಪೇಟೆಯ ಕಡೆಗೆ ಬಂದರೆ ನಾಲ್ವರು ಹುತಾತ್ಮರ ವೃತ್ತವಿದೆ. 1930ರ ಮೇ ತಿಂಗಳಲ್ಲಿ, ಗಾಂಧೀಜಿಯವರ ಬಂಧನದ ನಂತರ ಎದ್ದ ಗಲಭೆಯನ್ನು ಹತ್ತಿಕ್ಕಲು ಬ್ರಿಟಿಷರು ಈ ಊರಿನ ಮೇಲೆ ಸೈನಿಕ ಕಾಯಿದೆ ಹೇರಿದರು. ಮಲ್ಲಪ್ಪ ಧನಶೆಟ್ಟಿ, ಶ್ರೀಕಿಸನ್ ಸಾರಡಾ, ಜಗನ್ನಾಥ ಶಿಂದೆ, ಕುರ್ಬಾನ್ ಹುಸೇನ್ ಇವರನ್ನು 1931ರ ಜನವರಿ 12ರಂದು ಗಲ್ಲಿಗೇರಿಸಿದರು. ಆ ನಾಲ್ಕು ಹೆಸರುಗಳನ್ನು ಒಟ್ಟಿಗೆ ಓದಿದರೆ ಊರಿನ ಜನಬಳಗವೆಲ್ಲ ಕಣ್ಣೆದುರು ಬರುತ್ತದೆ. 1938ರಲ್ಲಿ ಚೀನಾಕ್ಕೆ ಹೋಗಿ ಗಾಯಾಳು ಸೈನಿಕರ ಸೇವೆ ಮಾಡುತ್ತ 1942ರಲ್ಲಿ ಅಲ್ಲಿಯೇ ತೀರಿಕೊಂಡ ಡಾಕ್ಟರ್ ದ್ವಾರಕಾನಾಥ ಕೋಟ್ನಿಸ್ ಹುಟ್ಟಿದ್ದೂ ಇಲ್ಲಿಯೇ. ಅವರ ಸ್ಮಾರಕವಿದೆ, ನೋಡಬಹುದು.

ನನ್ನನ್ನು ಹೆಚ್ಚು ಹೊತ್ತು ನಿಲ್ಲಿಸಿದ್ದು ಮಾತ್ರ ಜೂನಿ ಮಿಲ್ ಎಂದು ಜನ ಕರೆಯುವ ಹಳೆಯ ಗಿರಣಿಯ ಜಾಗ. ಕಂಪನಿ ಕಾನೂನು ಓದಿದವರಿಗೆ ಸೊಲ್ಲಾಪುರ ಸ್ಪಿನ್ನಿಂಗ್ ಅಂಡ್ ವೀವಿಂಗ್ ಕಂಪನಿ ಎಂಬ ಹೆಸರು ಪರಿಚಿತವಿರಲೇಬೇಕು. 1949ರಲ್ಲಿ ಗಿರಣಿ ಮುಚ್ಚಿತು, 1950ರ ಜನವರಿಯಲ್ಲಿ ಸುಗ್ರೀವಾಜ್ಞೆಯ ಮೂಲಕ ಸರಕಾರ ಆಡಳಿತವನ್ನು ವಹಿಸಿಕೊಂಡಿತು. ಸರಕಾರ ನೇಮಿಸಿದ ನಿರ್ದೇಶಕರು ಪ್ರಿಫರೆನ್ಸ್ ಷೇರುದಾರರ ಮೇಲೆ ಬಾಕಿ ಹಣಕ್ಕೆ ಕರೆ ಹೊರಡಿಸಿದಾಗ ಒಬ್ಬ ಷೇರುದಾರರು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ 1953ರ ಡಿಸೆಂಬರಿನಲ್ಲಿ ಗೆದ್ದರು. ಆಸ್ತಿಯ ಹಕ್ಕಿನ ಬಗ್ಗೆ ಆ ತೀರ್ಪನ್ನು ಪರೀಕ್ಷೆಗಾಗಿ ನಾನು ಬಾಯಿಪಾಠ ಮಾಡಿದ್ದೆ. ಅಲ್ಲಿ ನಿಂತಾಗ ಅದು ಪುಸ್ತಕದ ಪ್ರಕರಣವಾಗಿ ಉಳಿಯಲಿಲ್ಲ. ಸಾವಿರಾರು ಜನರ ಪಾಳಿಯ ಭೋಂಗಾ ನಿಂತುಹೋದ ಜಾಗವಾಗಿ ಕಂಡಿತು. ನಾನು ಬಂದಿದ್ದೂ ನಿಂತ ಮಗ್ಗಗಳ ಲೆಕ್ಕಕ್ಕೇ ಅಲ್ಲವೆ?

ಊಟದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ವಿಜಯಪುರದವರಿಗೆ ಅದು ಮನೆಯ ಊಟವೇ. ಮಾಲದಂಡಿ ಜೋಳದ ಕಡಕ್ ಭಾಕರಿ ಮತ್ತು ಒರಳಲ್ಲಿ ಕುಟ್ಟಿದ ಶೇಂಗಾ ಚಟ್ನಿ ವಾರಗಟ್ಟಲೆ ಕೆಡುವುದಿಲ್ಲ. ನಮ್ಮ ವಿದ್ಯಾರ್ಥಿಗಳಿಗೆ ಈಗ ಅದೊಂದೇ ಆಕರ್ಷಣೆ. ಹೋಗುವ ಕಾಲವನ್ನು ನೀವೇ ಆರಿಸಿಕೊಳ್ಳುವಂತಿದ್ದರೆ ಏಪ್ರಿಲ್, ಮೇ ಬಿಟ್ಟು ಜನವರಿಯನ್ನು ಆರಿಸಿರಿ. ಮಕರ ಸಂಕ್ರಾಂತಿಗೆ ಸಿದ್ಧರಾಮೇಶ್ವರನ ಗಡ್ಡಾ ಯಾತ್ರೆ ನಡೆಯುತ್ತದೆ. ಬಹಳ ಎತ್ತರದ ನಂದಿಧ್ವಜಗಳನ್ನು ಹೊತ್ತು, ಊರಿನ ಸುತ್ತ ಆತನು ಸ್ಥಾಪಿಸಿದನೆನ್ನುವ 68 ಲಿಂಗಗಳ ಪ್ರದಕ್ಷಿಣೆ ಹಾಕುತ್ತಾರೆ. ಆದರೆ ಆ ದಿನಗಳಲ್ಲಿ ವಸೂಲಿಗೆ ಮಾತ್ರ ಹೋಗಬೇಡಿರಿ, ಯಾರೂ ಸಿಗುವುದಿಲ್ಲ.

ಆ ಕಕ್ಷಿದಾರರು ಸೊಲ್ಲಾಪುರವನ್ನು ಬಿಡಲಿಲ್ಲ. ಎರಡು ತಿಂಗಳಿಗೊಮ್ಮೆ ಹೋಗುತ್ತಾರೆ, ಎರಡು ರಾತ್ರಿ ಉಳಿಯುತ್ತಾರೆ, ಮೂವರು ಮಗ್ಗದವರೊಡನೆ ವ್ಯವಹಾರ ಹಂಚಿದ್ದಾರೆ. ಸಂಜೆ ಅದೇ ಚಹಾದಂಗಡಿಯಲ್ಲಿ ಕುಳಿತುಕೊಳ್ಳುತ್ತಾರೆ. ಹಿಂದೊಂದು ಸಂಕ್ರಾಂತಿಗೆ ನಾನೂ ಪತ್ನಿಯೊಡನೆ ಅಲ್ಲಿಗೆ ಹೋಗಿದ್ದೆ. ಬೆಳಿಗ್ಗೆ ಒಂದು ಘಟಕದ ದಾಸ್ತಾನು ನೋಡಿದೆ, ಮಧ್ಯಾಹ್ನದ ನಂತರ ಇಬ್ಬರೂ ಕೆರೆಯ ದಂಡೆಯಲ್ಲಿ ಜನಜಂಗುಳಿಯ ನಡುವೆ ನಿಂತು ನಂದಿಧ್ವಜ ನೋಡಿದೆವು. ಮರಳಿ ಬಂದ ಮೇಲೆ ನಮ್ಮ ಕಚೇರಿಯ ಹುಡುಗ, ಎರಡು ಟಿಕೆಟ್ಟನ್ನೂ ಪ್ರವಾಸ ಖರ್ಚಿಗೆ ಹಾಕಲೇ ಎಂದು ಕೇಳಿದ. ಒಂದನ್ನು ಹಾಕಿಸಿ, ಇನ್ನೊಂದನ್ನು ನನ್ನ ಸ್ವಂತ ಖಾತೆಗೆ ಬರೆಸಿದೆ.