ಯುದ್ಧ ಮುಗಿದ ಮೇಲೆ ಸಿಪಾಯಿ ಏನಾದ?

ಪಾಠಬೋಧನಾಭ್ಯಾಸದ ಎರಡನೆಯ ವಾರ. ಸಮಾಜ ವಿಜ್ಞಾನದ ಶಿಕ್ಷಕರು ರಜೆಯಲ್ಲಿದ್ದುದರಿಂದ, ಗಣಿತ–ವಿಜ್ಞಾನದ ಪ್ರಶಿಕ್ಷಣಾರ್ಥಿಯಾದ ನನ್ನನ್ನು ಒಂಬತ್ತನೆಯ ತರಗತಿಗೆ ಕಳುಹಿಸಿದರು. ಅಮೆರಿಕದ ಸ್ವಾತಂತ್ರ್ಯ ಯುದ್ಧವನ್ನು ಬರೀ ಇಸವಿಗಳ ಪಟ್ಟಿಯಾಗಿ ಹೇಳಿ ಮುಗಿಸಿದೆ. “ಮಿಸ್, ಯುದ್ಧ ಮುಗಿದ ಮೇಲೆ ಸಿಪಾಯಿಗಳು ಏನಾದರು?” ಎಂದು ಹಿಂದಿನ ಬೆಂಚಿನ ಹುಡುಗಿ ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ನಾಳೆ ಹೇಳುತ್ತೇನೆ ಎಂದೆ.

ಮರುದಿನ ಜೋಸೆಫ್ ಪ್ಲಂಬ್ ಮಾರ್ಟಿನ್ ಎಂಬ ಸಿಪಾಯಿಯಿಂದ ಪಾಠ ಆರಂಭಿಸಿದೆ. ಹುಟ್ಟಿದ್ದು 1760ರ ನವೆಂಬರ್‌ನಲ್ಲಿ. ಬೆಳೆದದ್ದು ಕನೆಕ್ಟಿಕಟ್‌ನ ಅಜ್ಜ–ಅಜ್ಜಿಯ ಮನೆಯಲ್ಲಿ. ಸೈನ್ಯ ಸೇರಿದ್ದು 1776ರ ಜೂನ್‌ನಲ್ಲಿ. ಆಗ ವಯಸ್ಸೆಷ್ಟು? ಬಹಳ ಮಕ್ಕಳು 16 ಎಂದರು. ತಿಂಗಳನ್ನು ಗಮನಿಸಿದ ಒಬ್ಬ ಮಾತ್ರ, “15 ಮಿಸ್, ನಮ್ಮಷ್ಟೇ!” ಎಂದ. ತರಗತಿ ನೆಟ್ಟಗೆ ಕುಳಿತಿತು.

ಮೊದಲು ಆರು ತಿಂಗಳಿಗೆ ಸೇರಿದ ಮಾರ್ಟಿನ್, 1777ರಲ್ಲಿ ಯುದ್ಧ ಮುಗಿಯುವವರೆಗೂ ಇರಲು ಒಪ್ಪಿ ಮತ್ತೆ ಸೇರಿದ. ಡೆಲವೇರ್ ನದಿಯ ಮಿಫ್ಲಿನ್ ಕೋಟೆಯಲ್ಲಿ ಬ್ರಿಟಿಷರ ಫಿರಂಗಿ ದಾಳಿ ಎದುರಿಸಿದ. 1781ರಲ್ಲಿ ಯಾರ್ಕ್‌ಟೌನ್ ಮುತ್ತಿಗೆಯಲ್ಲಿ ಕಂದಕ ತೋಡುವ, ಅಡೆತಡೆ ಕಡಿಯುವ ತುಕಡಿಯಲ್ಲಿದ್ದ. 1783ರಲ್ಲಿ ಬಿಡುಗಡೆಯಾದ.

ಆಮೇಲೆ? ಮೇನ್ ಪ್ರದೇಶದಲ್ಲಿ ಬೇಸಾಯಕ್ಕೆ ನಿಂತ. ಆ ಭೂಮಿ ತನ್ನದೆಂದು ಅದೇ ಸೈನ್ಯದ ಮಾಜಿ ಜನರಲ್ ಹೆನ್ರಿ ನಾಕ್ಸ್ ಹಕ್ಕು ಸಾಧಿಸಿದರು. ಮಾರ್ಟಿನ್ ಕ್ರಮೇಣ ಹೊಲ ಕಳೆದುಕೊಂಡ. 1818ರ ಕಾನೂನು ಬಡ ಮಾಜಿ ಸಿಪಾಯಿಗಳಿಗೆ ತಿಂಗಳಿಗೆ 8 ಡಾಲರ್ ಪಿಂಚಣಿ ಕೊಟ್ಟಿತು. ಅದಕ್ಕಾಗಿ 1820ರಲ್ಲಿ ಆಸ್ತಿಯ ವಿವರ ಸಲ್ಲಿಸಬೇಕಾಯಿತು: ಎರಡು ಹಸು, ಆರು ಕುರಿ, ಒಂದು ಹಂದಿ. ತರಗತಿ ಸುಮ್ಮನಾಯಿತು.

“ಇದೆಲ್ಲ ನಿಜವೆಂದು ಹೇಗೆ ಗೊತ್ತು?” ಇದು ಮುಂದಿನ ಪ್ರಶ್ನೆ. ಇಲ್ಲಿ ನನ್ನ ವಿಜ್ಞಾನ ನೆರವಾಯಿತು. ಒಂದೇ ಅಳತೆಯನ್ನು ನಾವು ನಂಬುವುದಿಲ್ಲವಲ್ಲ? ಮಾರ್ಟಿನ್ 1830ರಲ್ಲಿ ಹೆಸರು ಹಾಕದೆ ಪ್ರಕಟಿಸಿದ ನೆನಪುಗಳ ಪುಸ್ತಕ ಒಂದು ಸಾಕ್ಷ್ಯ. ಆದರೆ ಅದು ಅರ್ಧ ಶತಮಾನದ ಅನಂತರದ ನೆನಪು. ಪಿಂಚಣಿ ಕಡತ ಇನ್ನೊಂದು. ಅದು ಬಡತನವನ್ನು ತೋರಿಸಲೆಂದೇ ಬರೆದದ್ದು. ಎರಡನ್ನೂ ಸೈನ್ಯದ ಹಾಜರಿ ಪಟ್ಟಿಯೊಂದಿಗೆ ತಾಳೆ ನೋಡಬೇಕು. ತಮ್ಮ ಪೂರ್ವಜರನ್ನು ಹುಡುಕುವ ಅಮೆರಿಕದ ಕುಟುಂಬಗಳು ಇಂದಿಗೂ ಇಂಥ ಕಡತಗಳನ್ನೇ ತೆರೆಯುತ್ತವೆ.

ಮೌಲ್ಯಮಾಪನದಲ್ಲಿ “ಯುದ್ಧ ಯಾವಾಗ ಮುಗಿಯಿತು?” ಎಂದು ಕೇಳಿದೆ. “ಯಾರಿಗೆ, ಮಿಸ್?” ಎಂದಳು ಅದೇ ಹುಡುಗಿ. ನನ್ನ ಪಾಠಯೋಜನೆಯಲ್ಲಿ ಆ ಪ್ರಶ್ನೆಯನ್ನು ಈಗ ಮೊದಲಿಗೇ ಬರೆದುಕೊಂಡಿದ್ದೇನೆ.