ಮಂದಗತಿಯ ಸ್ಥೈರ್ಯ: ಕಾರಿನ ಎಂಜಿನ್ ಮತ್ತು ಹವಾನಿಯಂತ್ರಣ

ಚನ್ನರಾಯಪಟ್ಟಣ ತಾಲ್ಲೂಕಿನ ದಂಡಿಗನಹಳ್ಳಿ ಹೋಬಳಿಯ ರೈತರಿಗೆ ಡೀಸೆಲ್ ಪಂಪಿನ ಎಂಜಿನ್ ಅಪರಿಚಿತವಲ್ಲ. ಪಂಪು ನೀರೆತ್ತತೊಡಗಿದೊಡನೆ ಎಂಜಿನ್ನಿನ ದನಿ ಕ್ಷಣಕಾಲ ಕುಗ್ಗಿ ಮತ್ತೆ ಚೇತರಿಸಿಕೊಳ್ಳುತ್ತದೆ. ವೇಗದ ಇಳಿತದಿಂದ ಹೊರೆಯನ್ನು ಅರಿತು ಇಂಧನವನ್ನು ಹೆಚ್ಚಿಸುವ ಈ ಸಾಧನಕ್ಕೆ ಗವರ್ನರ್ ಎಂದು ಹೆಸರು. ಜೇಮ್ಸ್ ವಾಟ್ 1788ರಲ್ಲಿ ಉಗಿಯಂತ್ರಕ್ಕೆ ಅಳವಡಿಸಿದ, ತಿರುಗುವ ಗುಂಡುಗಳ ಸಾಧನದ ತತ್ತ್ವವೂ ಇದೇ.

ಪೆಟ್ರೋಲ್ ಕಾರಿನಲ್ಲಿ ಈ ಸಮಸ್ಯೆ ಇನ್ನಷ್ಟು ಸೂಕ್ಷ್ಮವಾದುದು. ಹಾಸನದ ಹೆದ್ದಾರಿಯಲ್ಲಿ ಶಾಂತಿಗ್ರಾಮದ ಟೋಲ್ ಗೇಟಿನ ಮುಂದೆ ಸಾಲಿನಲ್ಲಿ ನಿಂತ ಕಾರನ್ನು ಊಹಿಸೋಣ. ಅದರ ಎಂಜಿನ್ ನಿಮಿಷಕ್ಕೆ ಸುಮಾರು 700ರಿಂದ 900 ಸುತ್ತು ತಿರುಗುತ್ತಿರುತ್ತದೆ. ಇದೇ ಮಂದಗತಿ. ಆಗ ಥ್ರಾಟಲ್ ಕವಾಟವು ಬಹುಮಟ್ಟಿಗೆ ಮುಚ್ಚಿರುವುದರಿಂದ, ಎಂಜಿನ್ ತನ್ನ ಘರ್ಷಣೆಯನ್ನು ಗೆಲ್ಲಲು ಬೇಕಾದಷ್ಟು ಶಕ್ತಿಯನ್ನು ಮಾತ್ರ ಉತ್ಪಾದಿಸುತ್ತದೆ. ಹವಾನಿಯಂತ್ರಣದ ಗುಂಡಿಯನ್ನು ಒತ್ತಿದೊಡನೆ ವಿದ್ಯುತ್ಕಾಂತದ ಕ್ಲಚ್ ಕಂಪ್ರೆಸರನ್ನು ಬೆಲ್ಟಿನ ಚಕ್ರಕ್ಕೆ ಬಿಗಿಯುತ್ತದೆ. ಒಳಹೋಗುವ ಗಾಳಿ ಹೆಚ್ಚದಿದ್ದರೆ ಎಂಜಿನ್ ನಡುಗುತ್ತದೆ, ಕೆಲವೊಮ್ಮೆ ನಿಂತೇ ಹೋಗುತ್ತದೆ.

ಇದು ಕೇವಲ ಅನಾನುಕೂಲವಲ್ಲ. ಶಿರಾಡಿ ಘಾಟಿಯ ಇಳಿಜಾರಿನಲ್ಲಿ, ವಾಹನಗಳ ಸಾಲಿನ ನಡುವೆ ಕ್ಲಚ್ ಒತ್ತಿಕೊಂಡು ಇಳಿಯುವಾಗ ಎಂಜಿನ್ ನಿಂತರೆ, ಬ್ರೇಕಿಗೆ ನೆರವಾಗುವ ನಿರ್ವಾತ ಹೊಸದಾಗಿ ದೊರೆಯುವುದಿಲ್ಲ. ಕೆಲವೇ ಬಾರಿ ಒತ್ತಿದ ಮೇಲೆ ಪೆಡಲು ಗಡುಸಾಗುತ್ತದೆ. ಪವರ್ ಸ್ಟಿಯರಿಂಗ್ ಕೂಡ ಭಾರವಾಗಬಹುದು.

ಪರಿಹಾರದ ಸೂತ್ರ ಸರಳ: ಹೊರೆ ಬೀಳುವ ಹೊತ್ತಿಗೇ ಗಾಳಿಯನ್ನು ಹೆಚ್ಚಿಸಬೇಕು. ಮಾರುತಿ 800ರ ಉತ್ಪಾದನೆ 1983ರಲ್ಲಿ ಆರಂಭವಾಯಿತು. ಅಂತಹ ಕಾರ್ಬುರೇಟರುಳ್ಳ ಹವಾನಿಯಂತ್ರಿತ ಕಾರುಗಳಲ್ಲಿ, ಗುಂಡಿ ಒತ್ತಿದಾಗ ವಿದ್ಯುತ್ ಕವಾಟವೊಂದು ತೆರೆದು, ನಿರ್ವಾತದ ಬಲದಿಂದ ಒಂದು ಪೊರೆ ಸನ್ನೆಯನ್ನು ಎಳೆದು ಥ್ರಾಟಲನ್ನು ಕಿಂಚಿತ್ ತೆರೆಯುವ ಏರ್ಪಾಡಿತ್ತು. ಇಂಧನವನ್ನು ಸಿಂಪಡಿಸುವ ಇಂದಿನ ಎಂಜಿನ್ನುಗಳಲ್ಲಿ ಈ ಕೆಲಸವನ್ನು ವಿದ್ಯುನ್ಮಾನ ನಿಯಂತ್ರಕ ವಹಿಸಿಕೊಂಡಿದೆ. ಅದು ಗುಂಡಿಯ ಸಂಕೇತವನ್ನು ಪಡೆದು, ಮೊದಲು ಗಾಳಿಯ ದಾರಿಯನ್ನು ಅಗಲಿಸಿ, ಕಿಡಿಯ ಕಾಲವನ್ನು ಹೊಂದಿಸಿ, ಅರೆಕ್ಷಣ ತಡೆದು ಕ್ಲಚ್ಚನ್ನು ಬಿಗಿಯುತ್ತದೆ. ಗವರ್ನರ್ ವೇಗ ಕುಗ್ಗಿದ ಮೇಲೆ ಎಚ್ಚರಗೊಂಡರೆ, ನಿಯಂತ್ರಕವು ಅದಕ್ಕೆ ಮುಂಚೆಯೇ ಸಿದ್ಧವಾಗುತ್ತದೆ.

ಮಂದಗತಿ ಕುಸಿಯತೊಡಗಿದರೆ ತಿರುಪನ್ನು ತಿರುಗಿಸಿ ವೇಗವನ್ನು ಏರಿಸುವುದು ಸರಿಯಾದ ಮಾರ್ಗವಲ್ಲ. ಹವಾನಿಯಂತ್ರಣ ನಿಂತಾಗಲೂ ಎಂಜಿನ್ ಅತಿವೇಗದಿಂದ ತಿರುಗಿ ಪೆಟ್ರೋಲ್ ವ್ಯರ್ಥವಾಗುತ್ತದೆ. ದೋಷ ಹಾಗೆಯೇ ಉಳಿಯುತ್ತದೆ. ಥ್ರಾಟಲಿನ ಸುತ್ತ ಕಟ್ಟಿದ ಮಸಿ, ಬಿರುಕುಬಿಟ್ಟ ನಿರ್ವಾತದ ಕೊಳವೆ, ಸವೆದ ಕಿಡಿಬೆಣೆಗಳನ್ನು ಮೊದಲು ಪರೀಕ್ಷಿಸಬೇಕು. ತಂಪುಗೊಳಿಸುವ ಅನಿಲ ಮಿತಿಮೀರಿದ್ದರೆ, ಕಂಡೆನ್ಸರಿನ ಮುಂದೆ ಧೂಳು ತುಂಬಿದ್ದರೆ ಅಥವಾ ಅದರ ಫ್ಯಾನು ತಿರುಗದಿದ್ದರೆ, ಒತ್ತಡವೇರಿ ಕಂಪ್ರೆಸರಿನ ಹೊರೆ ಹೆಚ್ಚುವುದೆಂಬುದನ್ನೂ ಮರೆಯಬಾರದು.

ಹೀಗೆ ಕಾರಣವನ್ನು ಹುಡುಕಿ ಸರಿಪಡಿಸಿದಾಗಲೇ ಎಂಜಿನ್ ತನ್ನ ಹೊರೆಯನ್ನು ಸದ್ದಿಲ್ಲದೆ ಹೊರುತ್ತದೆ.